ಮೊದಲು ಬೂದಿ, ಆಮೇಲೆ ಕಲ್ಲು

ಆ ಊರಿಗೆ ಹೆಸರಿರಲಿಲ್ಲ. ಹೆಸರಿಡಲೆಂದು ಹಿಂದೊಮ್ಮೆ ಒಂದು ಸಮಿತಿ ಮಾಡಿದ್ದರು. ಸಮಿತಿಯಲ್ಲಿದ್ದವರೆಲ್ಲ ಕಾಲವಾದರು, ಸಮಿತಿ ಮಾತ್ರ ಇನ್ನೂ ಇತ್ತು.

ಊರಿನ ನಡುವೆ ಕೆಂಡದ ಮನೆ ಇತ್ತು. ಅದರ ಹಿಂಗೋಡೆಯಲ್ಲಿ, ಚಿಕ್ಕ ಮಗುವಿಗೂ ಎಟಕುವಷ್ಟು ಕೆಳಗೆ, ಒಂದು ಅಗಲವಾದ ಬಾಯಿ. ಮುಂಗೋಡೆಯಲ್ಲಿ, ತುದಿಗಾಲಲ್ಲಿ ನಿಂತರೆ ಮಾತ್ರ ಎಟಕುವಷ್ಟು ಮೇಲೆ, ಒಂದು ಕಿರಿದಾದ ಕಿಟಕಿ. ದೀಪ ಹಚ್ಚುವ ಹೊತ್ತಿಗೆ ಊರಿನ ಬಾಗಿಲುಗಳೆಲ್ಲ ತೆರೆಯುತ್ತಿದ್ದವು. ಒಡೆದ ಮಡಕೆಯ ಚೂರಿನಲ್ಲಿ ತಮ್ಮ ಒಲೆಯ ಒಂದು ಕೆಂಡ ಇಟ್ಟುಕೊಂಡು ಮನೆಗೊಬ್ಬರು ಹೊರಡುತ್ತಿದ್ದರು. ದಾರಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಹಿಂಗೋಡೆಯ ಬಾಯಿಗೆ ಕೆಂಡ ಸುರಿದು, ಅದು ಒಳಗೆ ಬಿದ್ದ ಸದ್ದು ಕೇಳಿದ ಮೇಲೆ, ಬರಿಯ ಚೂರು ಹಿಡಿದು ಹಿಂತಿರುಗುತ್ತಿದ್ದರು. ಮಳೆ ಬಂದರೂ ಹೀಗೆ, ಮನೆಯಲ್ಲಿ ಮದುವೆ ಇದ್ದರೂ ಹೀಗೆ. ಒಂದು ಸಂಜೆ ತಪ್ಪಿಸಿದ ಮನೆಯ ಬಾಗಿಲಿಗೆ ಮರುದಿನ ಬೆಳಿಗ್ಗೆ ಸುಣ್ಣದ ಗೆರೆ ಬೀಳುತ್ತಿತ್ತು. ಗೆರೆ ಬಿದ್ದ ಮನೆಯವರು ಕಿಟಕಿಯ ಹತ್ತಿರ ಬರುವಂತಿರಲಿಲ್ಲ.

ಏಕೆಂದರೆ ಆ ಊರಿನಲ್ಲಿ ಒಂದು ಚಳಿ ಇತ್ತು. ಹೊರಗಿನ ಚಳಿಯಲ್ಲ, ಒಳಗಿನದು. ಬೆರಳ ತುದಿಯಲ್ಲಿ ಹುಟ್ಟಿ, ಮಣಿಕಟ್ಟು ಹತ್ತಿ, ಮೊಣಕೈ ದಾಟಿ, ಭುಜಕ್ಕೆ ಬಂದು, ಅಲ್ಲಿಂದ ಎದೆಗೆ ಇಳಿಯುತ್ತಿತ್ತು. ಎದೆಗೆ ಇಳಿದ ಮೇಲೆ ಮಾಡುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಸ್ವಂತ ಒಲೆಯ ಮುಂದೆ ಎಷ್ಟು ಕೂತರೂ ಅದು ಬಗ್ಗುತ್ತಿರಲಿಲ್ಲ. ಎಲ್ಲ ಮನೆಗಳ ಕೆಂಡ ಒಂದಾಗಿ ಉರಿಯುವ ಬೆಂಕಿಯದೇ ಒಂದು ಕೆಂಡ ಬೇಕಾಗಿತ್ತು. ಅದನ್ನು ಮಣ್ಣಿನ ಬಟ್ಟಲಲ್ಲಿಟ್ಟು ಎದೆಗೆ ಆನಿಸಿಕೊಂಡರೆ ಚಳಿ ಬಂದ ದಾರಿಯಲ್ಲೇ ಹಿಂತಿರುಗುತ್ತಿತ್ತು. ಚಳಿ ಯಾರ ಮನೆಗೆ ಯಾವಾಗ ಬರುತ್ತದೆಂದು ಗೊತ್ತಿಲ್ಲದ್ದರಿಂದ ಎಲ್ಲರೂ ಕೆಂಡ ಕೊಡುತ್ತಿದ್ದರು. ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಹುಡುಕಲು ಹೋದವರು ಕೂಡ ಸಂಜೆಯಾಗುತ್ತಲೇ ಕೆಂಡ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದರು.

ಬಳೆಗಾರನಿಗೆ ಚಳಿ ಬಂದದ್ದು ಅವನಿಗಿಂತ ಮೊದಲು ಊರಿನ ಹೆಂಗಸರಿಗೆ ತಿಳಿಯಿತು. ಬಳೆ ತೊಡಿಸುವ ಮುಂಚೆ ಅವನು ಅವರ ಬೆರಳ ಗೆಣ್ಣುಗಳನ್ನು ಒಟ್ಟುಗೂಡಿಸಿ, ಮೆಲ್ಲಗೆ ಒತ್ತಿ, ಅಳತೆ ನೋಡುತ್ತಿದ್ದ. ಹಾಗೆ ಒತ್ತಿಸಿಕೊಂಡ ಒಬ್ಬಳು ಬೆಚ್ಚಿ ಕೈ ಎಳೆದುಕೊಂಡಳು.

"ಏನಪ್ಪ ಇದು, ಬಾವಿಯೊಳಗಿಂದ ಎದ್ದು ಬಂದ ಹಾಗಿದೆ ನಿನ್ನ ಕೈ!"

"ಒಳ್ಳೇದೇ ಆಯ್ತಲ್ಲ ತಾಯಿ. ಬಳೆ ಸಲೀಸಾಗಿ ಜಾರುತ್ತೆ" ಎಂದ ಬಳೆಗಾರ.

ಅವನ ಹೆಂಡತಿ ಕೌದಿ ಹೊಲಿಯುವವಳು. ಊರಿನವರ ಹಳೆಯ ಸೀರೆ, ಪಂಚೆ, ತೊಟ್ಟಿಲ ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿದು ಹೊದಿಕೆ ಮಾಡಿಕೊಡುತ್ತಿದ್ದಳು. ಸುದ್ದಿ ಕೇಳಿದವಳೇ ಸೂಜಿ ಕೆಳಗಿಟ್ಟಳು.

"ಕೈ ಕೊಡಿ ಇಲ್ಲಿ."

ಕೊಟ್ಟ. ನೀರು ತುಂಬಿದ ತಾಮ್ರದ ಚೊಂಬು ಮುಟ್ಟಿದ ಹಾಗಾಯಿತು ಅವಳಿಗೆ.

"ಯಾವಾಗಿಂದ?"

"ನೀನು ಕೇಳೋವರೆಗೆ ಇರಲಿಲ್ಲ ಕಣೇ."

ಅವಳು ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಅವನ ಮೇಲೆ ಹೊದಿಸಿದಳು. ಕೌದಿ ಇದ್ದ ಬಿಸಿಯನ್ನು ಕಾಯುತ್ತದೆ, ಇಲ್ಲದ್ದನ್ನು ತಂದುಕೊಡುವುದಿಲ್ಲ. ಕೊನೆಗೆ ತಾನೇ ಅವನನ್ನು ತಬ್ಬಿ ಮಲಗಿದಳು. ಬೆಳಿಗ್ಗೆ ನೋಡಿದರೆ ಚಳಿ ಇದ್ದಲ್ಲೇ ನಿಂತಿತ್ತು. ಹೋಗಿರಲಿಲ್ಲ, ಮುಂದಕ್ಕೂ ಸರಿದಿರಲಿಲ್ಲ. ಅವಳು ಮಾತ್ರ ನಡುಗುತ್ತಿದ್ದಳು.

ಅವಳು ಕೆಂಡದ ಮನೆಗೆ ಹೋದಳು. ಕೆಂಡ ಕೊಡುವ ಕಿಟಕಿಯವನು ಬಹಳ ಸಭ್ಯ ಮನುಷ್ಯ. ಕಷ್ಟದಲ್ಲಿದ್ದವರ ಜೊತೆ ಅವನು ದನಿ ಎತ್ತಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಬನ್ನಿ ತಾಯಿ. ಚಳಿಯೇ? ಅಯ್ಯೋ ಪಾಪ. ಮೊದಲು ಬೂದಿ, ಆಮೇಲೆ ಕಲ್ಲು, ಆಮೇಲೆ ಕೈ, ಆಮೇಲೆ ಕೆಂಡ."

"ಆಗಲೇ ಮಣಿಕಟ್ಟಿಗೆ ಬಂದಿದೆ ಸ್ವಾಮಿ. ಒಂದೇ ಸಲ ಕೆಂಡ ಕೊಟ್ಟುಬಿಟ್ಟರೆ..."

"ಬೂದಿಗೇ ಹೋಗುವ ಚಳಿಗೆ ಕೆಂಡ ಯಾಕೆ ಹಾಳು ಮಾಡೋದು?"

"ಬೂದಿಗೆ ಯಾರದಾದರೂ ಹೋಗಿದೆಯೇ?"

"ಬೂದಿ ತಗೊಂಡು ಹೋದವರಲ್ಲಿ ಎಷ್ಟೋ ಜನ ಮತ್ತೆ ಬಂದೇ ಇಲ್ಲ" ಎಂದ ಕಿಟಕಿಯವನು. "ಗುಣ ಆಗಿರಬೇಕು."

ಅವಳು ಬೂದಿ ತಂದಳು. ಅವನ ಕೈಗೆ ಬೂದಿ ಬಳಿದಳು. ಬೆವರು ಬಂದು ಬೂದಿ ತಾನಾಗಿ ತೊಳೆದುಹೋಗಬೇಕು, ಅಲ್ಲಿಯವರೆಗೆ ಕಾಯಬೇಕು ಎಂಬುದು ನಿಯಮ. ಬೆವರು ಬರಲಿಲ್ಲ. ಬಳೆಗಾರ ಬೂದಿ ಬಳಿದ ಕೈ ಚಾಚಿ ಕೂತು, ಹಾದುಹೋಗುವವರಿಗೆಲ್ಲ ಆಶೀರ್ವಾದ ಮಾಡಿದ. ಚಳಿ ಮಣಿಕಟ್ಟು ದಾಟಿತು.

ಆಮೇಲೆ ಕಲ್ಲು. ಕೆಂಡದ ಮನೆಯಲ್ಲಿ ಕಾಯಿಸಿದ ಒಂದು ದುಂಡು ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಮನೆ ಮುಟ್ಟುವಷ್ಟರಲ್ಲಿ ಅದು ಆರಿತು. ಅವಳು ಅದನ್ನು ಹಿಂದಕ್ಕೆ ಒಯ್ದಳು.

ಕಿಟಕಿಯವನು ಕಲ್ಲನ್ನು ಕೆನ್ನೆಗೆ ಒತ್ತಿ ನೋಡಿಕೊಂಡ. "ತಣ್ಣಗಿದೆ. ಅಂದರೆ ಇದರ ಬಿಸಿ ಯಜಮಾನರಿಗೆ ಸೇರಿದೆ."

"ಸೇರಿದ್ದರೆ ಅವರು ಬೆಚ್ಚಗಾಗಬೇಕಿತ್ತಲ್ಲ?"

"ಅದನ್ನು ನೋಡೋದಕ್ಕೇ ಕೈ ಇರೋದು. ನಾಳೆ ಕರೆದುಕೊಂಡು ಬನ್ನಿ. ಬರುವಾಗ, ಕೆಂಡ ತಗೊಳ್ಳೋದಕ್ಕೆ ನೀವು ಕೊಡಬೇಕಾದ ಸೌದೆ ಮರೆಯಬೇಡಿ."

"ಎಷ್ಟು ಸೌದೆ?"

"ಅದು ಕೆಂಡದ ಮೇಲೆ. ಈಗ ಸ್ವಲ್ಪ ಜಾಸ್ತಿಯಾಗಿದೆ."

ಅವರು ಮಂಚ ಮುರಿದರು. ಬಳೆ ಜೋಡಿಸುವ ಹಲಗೆಗಳನ್ನು ಮುರಿದರು. ಒಳಬಾಗಿಲನ್ನು ಕಿತ್ತು ಮುರಿದರು. ಮುರಿದದ್ದನ್ನೆಲ್ಲ ಹೊರೆ ಕಟ್ಟಿ ಅವಳು ತಲೆಯ ಮೇಲೆ ಹೊತ್ತಳು. ಒಂದು ಕೈಯಲ್ಲಿ ಹೊರೆ ಹಿಡಿದು, ಇನ್ನೊಂದು ಕೈಯಲ್ಲಿ ಗಂಡನನ್ನು ಬಳಸಿ ಎದೆಗೆ ಒತ್ತಿಕೊಂಡು ನಡೆಸಿಕೊಂಡು ಹೋದಳು.

ಕಿಟಕಿಯ ಪಕ್ಕದಲ್ಲಿ ಒಂದು ದಪ್ಪ ಪರದೆ. ಪರದೆಯಲ್ಲಿ ಒಂದು ತೂತು. ಚಳಿ ಬಂದವರು ಅದರೊಳಗೆ ಕೈ ಚಾಚಬೇಕು. ಒಳಗೆ ಕೈಯಿಡುವವಳು ಕೂತಿರುತ್ತಾಳೆ. ಪಕ್ಷಪಾತ ಆಗಬಾರದೆಂದು ಅವಳು ಯಾರ ಮುಖವನ್ನೂ ನೋಡುವುದಿಲ್ಲ, ಯಾರ ಮಾತನ್ನೂ ಕೇಳುವುದಿಲ್ಲ. ಒಬ್ಬರ ಬಿಸಿ ಇನ್ನೊಬ್ಬರ ಲೆಕ್ಕಕ್ಕೆ ಸೇರಬಾರದೆಂದು, ಪ್ರತಿಯೊಬ್ಬರನ್ನು ಮುಟ್ಟುವ ಮುಂಚೆ ತಣ್ಣೀರ ಗಡಿಗೆಯಲ್ಲಿ ಕೈ ಅದ್ದುತ್ತಾಳೆ. ಆಮೇಲೆ ಮುಟ್ಟುತ್ತಾಳೆ. ಆಮೇಲೆ ಒಂದೇ ಮಾತು ಹೇಳುತ್ತಾಳೆ.

ಬಳೆಗಾರ ಕೈ ಚಾಚಿದ. ಒಳಗೆ ನೀರು ಕಲಕಿದ ಸದ್ದಾಯಿತು.

"ಬೆಚ್ಚಗಿದೆ" ಎಂದಿತು ಒಳಗಿನ ದನಿ.

"ಸಂತೋಷದ ಸುದ್ದಿ" ಎಂದ ಕಿಟಕಿಯವನು. "ಸೌದೆ ಅಲ್ಲೇ ಇಟ್ಟುಹೋಗಿ. ಮುಂದಿನ ಸಲಕ್ಕೆ ಆಗುತ್ತೆ."

ಎದುರುಮನೆಯ ಮುದುಕಿ ಅವರು ಹಿಂತಿರುಗುವುದನ್ನು ಜಗಲಿಯಿಂದಲೇ ನೋಡಿದಳು.

"ಹಿಡ್ಕೊಂಡು ಹೋಗಿದ್ಯಾ ಅವನನ್ನ?"

"ಹಿಡ್ಕೊಳ್ಳದೆ ಹೇಗೆ ಅಜ್ಜಿ? ಬಿದ್ದುಬಿಡ್ತಾರೆ."

"ಎಲ್ಲರೂ ಇದೇ ತಪ್ಪು ಮಾಡೋದು. ಪ್ರೀತಿ ಇರೋ ಮನೆಯವರಿಗೆ ಕೆಂಡ ಸಿಗಲ್ಲ ಕಣೇ ಹುಚ್ಚಿ! ನಿನ್ನ ಬಿಸಿ ಅವನ ಮೈಮೇಲೆ ಕೂತಿರುತ್ತೆ, ಆ ತಣ್ಣನೆ ಕೈಗೆ ಅದೇ ತಾಗೋದು. ನನ್ನ ಮಗನಿಗೆ ಬಂದಾಗ ನಾನು ಅವನನ್ನ ಮುಟ್ಟಲೇ ಇಲ್ಲ. ಹಿತ್ತಿಲಲ್ಲಿ ಕೂರಿಸಿ ಬಾಗಿಲು ಹಾಕ್ಕೊಂಡೆ. ಅತ್ತ, ಕರೆದ. ತೆಗೀಲಿಲ್ಲ. ಕೆಂಡ ಸಿಕ್ತು."

"ಈಗ ಹೇಗಿದ್ದಾನೆ?"

"ಗುಂಡುಕಲ್ಲಿನ ಹಾಗಿದ್ದಾನೆ. ನನ್ನ ಜೊತೆ ಮಾತಾಡಲ್ಲ, ಅಷ್ಟೆ."

ಮರುದಿನ ಮಂಜು ಕವಿದ ಬೆಳಗಿನಲ್ಲಿ ಬಳೆಗಾರ ತಾನಾಗಿಯೇ ಹೋಗಿ ತಮ್ಮ ಮನೆಯ ಜಗಲಿಯಲ್ಲಿ ಕೂತ. ಕೌದಿಯವಳು ಹೊಸಿಲಿನ ಒಳಗೆ ಕೂತಳು. ಕೈಗಳು ತಮ್ಮಷ್ಟಕ್ಕೆ ತಾವೇ ಅವನ ಕಡೆ ಹೋಗದಿರಲಿ ಎಂದು ಸೂಜಿ ಹಿಡಿದಳು. ಅವನ ಹಲ್ಲುಗಳು ಕಟಕಟ ಎನ್ನುತ್ತಿದ್ದವು. ಪ್ರತಿ ಸದ್ದಿಗೂ ಅವಳು ಒಂದು ಹೊಲಿಗೆ ಹಾಕಿದಳು.

"ನಿಶ್ಚಿತಾರ್ಥ ಆದ ಹೊಸದರಲ್ಲಿ ಇದ್ದ ಹಾಗಿದೆ" ಎಂದ ಅವನು, ತುಟಿ ಸೆಟೆದುಕೊಂಡು. "ನೋಡಬಹುದು, ಮುಟ್ಟೋ ಹಾಗಿಲ್ಲ."

"ಸುಮ್ಮನಿರಿ. ಮಾತಾಡಿದರೆ ಬಿಸಿಯಾಗ್ತೀರಿ."

"ನಿನ್ನ ಬಾಯಿಂದ ಇಂಥ ಮಾತು ಕೇಳ್ತೀನಿ ಅಂದ್ಕೊಂಡಿರಲಿಲ್ಲ."

ಚಳಿ ಮೊಣಕೈ ತಲುಪಿತು. ಅವರು ಹೊರಟರು. ಅವನು ಮುಂದೆ, ಅವಳು ಹಿಂದೆ. ನಡುವೆ ಒಂದು ಎತ್ತಿನ ಗಾಡಿ ಹಾಯುವಷ್ಟು ಜಾಗ. ಬೀದಿಯ ಜನ ಅವಳನ್ನು ಮೆಚ್ಚುಗೆಯಿಂದ ನೋಡಿದರು. ಹೆಂಗಸು ಕೊನೆಗೂ ಬುದ್ಧಿ ಕಲಿತಳು ಎಂದುಕೊಂಡರು. ಕಿಟಕಿಯ ಮುಂದಿನ ಸಾಲು ಕರಗಿತು. ಅವನ ಸರದಿ ಬಂತು. ಪರದೆಯ ಕಡೆಗೆ ಒಂದು ಹೆಜ್ಜೆ ಇಟ್ಟವನು ಮುಗ್ಗರಿಸಿದ.

ಅವಳು ಓಡಿಹೋಗಿ ಹಿಡಿದುಕೊಂಡಳು. ಬೀಳದಂತೆ ಹಿಡಿದಿದ್ದರೆ ಸಾಕಿತ್ತು. ಅವಳು ಅಷ್ಟಕ್ಕೇ ಬಿಡಲಿಲ್ಲ. ಬೆಳಗಿನಿಂದ ತಡೆದಿಟ್ಟದ್ದೆಲ್ಲ ಒಮ್ಮೆಗೇ ಬಂತು. ಅವನ ಎರಡೂ ಕೈಗಳನ್ನು ತನ್ನ ಕಂಕುಳಲ್ಲಿ ಅವಚಿಕೊಂಡು, ಕೆನ್ನೆಗೆ ಕೆನ್ನೆ ಒತ್ತಿ, ಕುತ್ತಿಗೆಗೆ ಉಸಿರು ಊದಿದಳು. ಸಾಲಿನಲ್ಲಿದ್ದವರು ಅಯ್ಯಯ್ಯೋ ಎಂದರು.

ಪರದೆಯ ಆಚೆ ನೀರು ಕಲಕಿದ ಸದ್ದಾಯಿತು.

"ಬೆಚ್ಚಗಿದೆ."

ಅರಸರು ಬಹಳ ದೂರದಲ್ಲಿದ್ದರು, ಆದರೆ ಅವರಿಗೆ ಊರಿನ ನೆನಪಿತ್ತು. ಡಂಗುರದವನು ಬಂದು ಸಾರಿದ: ಕೆಂಡದ ಮನೆಯ ಬಗ್ಗೆ ದೂರುಗಳು ಬಂದಿವೆಯಂತೆ, ಅರಸರು ಒಬ್ಬ ವಿಚಾರಣೆಯವರನ್ನು ಕಳಿಸುತ್ತಿದ್ದಾರಂತೆ, ಯಾರಿಗೂ ಅಂಜದೆ ಹೇಳಬಹುದಂತೆ. ವಿಚಾರಣೆಯವರು ಬಂದರು. ಇಂಥ ಕಥೆಗಳಲ್ಲಿ ಇಂಥವರು ದುಷ್ಟರಾಗಿದ್ದರೆ ಕೇಳುವವರಿಗೆ ಅನುಕೂಲ. ಇವರು ಒಳ್ಳೆಯವರಾಗಿದ್ದರು. ಚಪ್ಪರದ ಕೆಳಗೆ ಕೂತು ಬಿಸಿಲೇರುವವರೆಗೂ ಎಲ್ಲರ ಮಾತು ಕೇಳಿದರು. ಯಾರನ್ನೂ ನಡುವೆ ತಡೆಯಲಿಲ್ಲ.

ಕೌದಿಯವಳು ಎದ್ದು ನಿಂತಳು. ಅಂಥ ಸಭೆಯಲ್ಲಿ ಅವಳು ಹಿಂದೆಂದೂ ಮಾತಾಡಿದವಳಲ್ಲ.

"ಬೂದಿ ಹಚ್ಚಿದೆ ಬುದ್ಧಿ. ಕಲ್ಲು ಹಿಡಿಸಿದೆ. ಸೌದೆ ಅಂತ ಮನೆಯ ಬಾಗಿಲು ಮುರಿದೆ. ಅದೆಲ್ಲ ಹೋಗಲಿ. ಗಂಡನನ್ನು ಹಿಡ್ಕೊಂಡೆ ಅಂತ ಅವರಿಗೆ ಕೆಂಡ ಇಲ್ಲ ಅಂದರು. ಹಿಡ್ಕೊಂಡರೆ ಕೆಂಡ ಸಿಗಲ್ಲ, ಬಿಟ್ಟರೆ ಗಂಡ ಸಿಗಲ್ಲ. ನಾನು ಯಾವುದನ್ನು ಮಾಡಲಿ, ನೀವೇ ಹೇಳಿ."

ವಿಚಾರಣೆಯವರ ಕಣ್ಣು ತೇವವಾಯಿತು. ಮೂಗು ಒರೆಸಿಕೊಂಡು ಎದ್ದು ನಿಂತು ಅಲ್ಲೇ ತೀರ್ಪು ಹೇಳಿದರು. ಇನ್ನು ಮೇಲೆ ಒಂದು ತಲೆಹೊರೆಗಿಂತ ಹೆಚ್ಚು ಸೌದೆ ಕೇಳಬಾರದು. ಹಿಡಿದುಕೊಳ್ಳುವವರಿದ್ದಾರೆ ಎಂಬ ಕಾರಣಕ್ಕೆ ಯಾರಿಗೂ ಇಲ್ಲವೆನ್ನಬಾರದು. ಹಿಡಿದುಕೊಳ್ಳುವವರನ್ನು ಅವಮಾನಿಸಬಾರದು, ಅವರ ಮೈಯ ಬಿಸಿಯೂ ಕೆಂಡಕ್ಕೆ ಸಮ, ಅದನ್ನು ಕೆಂಡವೆಂದೇ ಎಣಿಸಬೇಕು.

ಊರು ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಮೊದಲು ತಟ್ಟಿದವನು, ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದವನು, ಕಿಟಕಿಯವನು. ಕೌದಿಯವಳ ಕೊರಳಿಗೆ ಹಾರ ಬಿತ್ತು. ವಿಚಾರಣೆಯವರು ಅವಳ ಎರಡೂ ಕೈ ಹಿಡಿದು, "ನಿನ್ನಂಥವರಿಂದ ಈ ನಾಡು ಉಳಿದಿದೆ ತಾಯಿ" ಎಂದು ಹೇಳಿ, ಬೇರೆ ಊರಿನ ಬೇರೆ ದೂರು ಕೇಳಲು ಹೊರಟುಹೋದರು.

ಮರುದಿನ ಅವಳು ಗಂಡನನ್ನು ತಬ್ಬಿಕೊಂಡೇ ಕಿಟಕಿಗೆ ಹೋದಳು. ಈಗ ಹೆದರಿಕೆ ಇರಲಿಲ್ಲ.

"ಬನ್ನಿ, ಬನ್ನಿ" ಎಂದ ಕಿಟಕಿಯವನು. "ನಿಮಗೋಸ್ಕರವೇ ಕಾಯ್ತಿದ್ದೆ. ನಿಮ್ಮಿಂದ ಇವತ್ತಿಗೆ ಕೆಂಡ ಎಲ್ಲರಿಗೂ ಸಿಗೋ ಹಾಗಾಯ್ತು. ಸೌದೆ ಕೂಡ ಬೇಡ."

"ಹಾಗಾದರೆ ಕೊಡಿ ಸ್ವಾಮಿ."

"ಏನನ್ನ?"

"ಕೆಂಡ."

"ಕೆಂಡ ನೀವೇ ತಾನೇ?" ಅವನಿಗೆ ನಿಜವಾಗಿ ಆಶ್ಚರ್ಯವಾಗಿತ್ತು. "ಅರಸರ ಅಪ್ಪಣೆಯೇ ಆಗಿದೆಯಲ್ಲ, ನಿನ್ನೆ ನಿಮ್ಮೆದುರಿಗೇ."

ಬಳೆಗಾರ ನಕ್ಕ. "ಅದು ನನಗೆ ಮದುವೆಯಾದಾಗಿನಿಂದ ಗೊತ್ತು ಸ್ವಾಮಿ. ಸರಿ, ನನ್ನ ಕೆಂಡ ಕರ್ಕೊಂಡು ನಾನು ಮನೆಗೆ ಹೋಗ್ತೀನಿ."

"ಅದು ಹೇಗಾಗುತ್ತೆ?" ಎಂದ ಕಿಟಕಿಯವನು, ಮೃದುವಾಗಿ. "ಕೆಂಡ ಅಂದ ಮೇಲೆ ಅದು ಊರಿನದು. ಊರಿನ ಕೆಂಡವನ್ನು ಮನೆಯಲ್ಲಿ ಬಚ್ಚಿಟ್ಟುಕೊಂಡರೆ ಬಾಗಿಲಿಗೆ ಗೆರೆ ಬೀಳುತ್ತೆ. ಸಂಜೆ ಹಿಂದಿನ ಬಾಯಿಂದ ಒಳಗೆ ಬಂದುಬಿಡಿ ತಾಯಿ. ಯಜಮಾನರ ಸರದಿ ಬಂದಾಗ ನಿಮ್ಮನ್ನೇ ಕೊಡೋಣ."

"ಅವರ ಸರದಿ ಯಾವಾಗ?"

"ಹಳೆ ಬೂದಿ ಹಳೆ ನಿಯಮದ್ದು, ಅದು ಲೆಕ್ಕಕ್ಕಿಲ್ಲ. ಮೊದಲು ಬೂದಿ, ಆಮೇಲೆ ಕಲ್ಲು, ಆಮೇಲೆ ಕೈ."

ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಗಿಲುಗಳೆಲ್ಲ ತೆರೆದವು. ಕೌದಿಯವಳು ಹೊರಟಳು. ಹೋಗದಿದ್ದರೆ ಗೆರೆ, ಗೆರೆ ಬಿದ್ದರೆ ಅವನಿಗೆ ಬೂದಿಯೂ ಇಲ್ಲ. ಬಳೆಗಾರ ಮನೆಯ ಕೆಂಡ ಹಿಡಿದು ಪಕ್ಕದಲ್ಲೇ ನಡೆದ. ದಾರಿಯಲ್ಲಿ ಯಾರೂ ಮಾತಾಡಲಿಲ್ಲ. ಹಿಂಗೋಡೆಯ ಹತ್ತಿರ ಅವನು ಬಗ್ಗಿ ಅವಳ ಕಿವಿಯಲ್ಲಿ ಹೇಳಿದ:

"ದಿನಾ ಸಂಜೆ ಕೆಂಡ ಹಾಕೋವಾಗ ಚೂರನ್ನ ಈ ಬಾಯಿ ಅಂಚಿಗೆ ಕುಟ್ತೀನಿ. ಬಳೆ ಬಿರುಕು ಬಿಟ್ಟಿದೆಯಾ ಅಂತ ಕುಟ್ಟಿ ನೋಡ್ತೀನಲ್ಲ, ಹಾಗೆ. ಸದ್ದು ಬಂದರೆ ನಾನು ಗಟ್ಟಿಯಾಗಿದ್ದೀನಿ ಅಂತ ತಿಳ್ಕೋ."

ಅವಳು ಮೊಣಕಾಲೂರಿ ಬಾಯಿಯೊಳಗೆ ತೆವಳಿದಳು.

ಒಳಗೆ ಬೆಂಕಿ ಇತ್ತು. ಇಲ್ಲದೆ ಇದ್ದಿದ್ದರೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಊರಿನ ಅಷ್ಟೂ ಮನೆಗಳ ಕೆಂಡ ಕೂಡಿ, ಬೆಟ್ಟದಂತೆ, ಮಾಡಿನವರೆಗೆ, ಸದ್ದಿಲ್ಲದೆ ಉರಿಯುತ್ತಿತ್ತು. ಅದರ ಸುತ್ತ ಹಗ್ಗ ಕಟ್ಟಿದ್ದರು. ಹಗ್ಗದ ಈಚೆ, ಬೆಂಕಿಯ ಬೆಳಕು ಬೀಳುವ ಆದರೆ ಬಿಸಿ ತಾಗದ ದೂರದಲ್ಲಿ, ಜನ ಸಾಲಾಗಿ ಕೂತಿದ್ದರು. ಮಗಳನ್ನು ಹಿಡಿದುಕೊಂಡಿದ್ದ ತಾಯಿ, ಹೆಂಡತಿಯನ್ನು ಹಿಡಿದುಕೊಂಡಿದ್ದ ಗಂಡ, ಅಣ್ಣನನ್ನು ಹಿಡಿದುಕೊಂಡಿದ್ದ ಹುಡುಗಿ. ಈಗ ಯಾರೂ ಯಾರನ್ನೂ ಹಿಡಿದುಕೊಂಡಿರಲಿಲ್ಲ.

"ಇಷ್ಟು ಬೆಂಕಿ ಇದೆಯಲ್ಲ!" ಎಂದಳು ಕೌದಿಯವಳು.

"ಇರಲೇಬೇಕು" ಎಂದ ಕಿಟಕಿಯವನು. "ಊರಿಗೆಲ್ಲ ಒಂದೇ ಸಲ ಚಳಿ ಬಂದರೆ?"

"ಯಾವಾಗಾದರೂ ಬಂದಿದೆಯೇ?"

"ಬಂದಿಲ್ಲ. ಅದಕ್ಕೇ ಇಷ್ಟಿದೆ."

ದಿನವೂ ಅವಳನ್ನು ಡೋಲಿಯಲ್ಲಿ ಕೂರಿಸಿ ಯಾರದೋ ಮನೆಗೆ ಒಯ್ಯುತ್ತಿದ್ದರು. ಗುರುತಿಲ್ಲದ ಎದೆಗೆ ಅವಳನ್ನು ಆನಿಸುತ್ತಿದ್ದರು. ಅವರ ಚಳಿ ನಿಲ್ಲುತ್ತಿತ್ತು, ಹೋಗುತ್ತಿರಲಿಲ್ಲ. ಡೋಲಿ ಹಿಂತಿರುಗುತ್ತಿತ್ತು. ಮೊದಲು ಅವಳ ಬೆರಳು ಜೋಮು ಹಿಡಿದವು, ಆಮೇಲೆ ಅಂಗೈ. ಆದರೆ ಸಂಜೆ ಹಿಂಗೋಡೆಯಲ್ಲಿ ಕೆಂಡಗಳು ಬೀಳುವಾಗ ಅವುಗಳ ನಡುವೆ ಒಂದು ಟಣ್ ಎಂಬ ಸದ್ದು ಬರುತ್ತಿತ್ತು. ಅದನ್ನು ಕೇಳಿದ ಮೇಲೆ ಅವಳು ಕಣ್ಣು ಮುಚ್ಚುತ್ತಿದ್ದಳು.

"ನಮ್ಮವರು?" ಎಂದು ಕೇಳುತ್ತಿದ್ದಳು.

"ಬೂದಿ ಕೊಟ್ಟಿದ್ದೇವೆ" ಎನ್ನುತ್ತಿದ್ದ ಕಿಟಕಿಯವನು. ಇನ್ನೊಂದು ದಿನ, "ಕಲ್ಲು ಕೊಟ್ಟಿದ್ದೇವೆ" ಎಂದ. ಅವನು ಎಂದೂ ಸುಳ್ಳು ಹೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕೈಯಿಡುವವಳು ಗಡಿಗೆಯಲ್ಲಿ ಕೈ ಅದ್ದಿದಾಗ ನೀರು ಹೆಪ್ಪುಗಟ್ಟಿತು. ಅವಳನ್ನು ಎಬ್ಬಿಸಿದರು. ಕಿಟಕಿಯವನು ಸಾಲಿನಲ್ಲಿ ಕೂತವರ ಕೈಗಳನ್ನು ಒಂದೊಂದಾಗಿ ಮುಟ್ಟುತ್ತ ಬಂದು ಕೌದಿಯವಳ ಮುಂದೆ ನಿಂತ.

"ಹದವಾಗಿ ತಣ್ಣಗಾಗಿದೆ ನಿಮ್ಮ ಕೈ. ಗಡಿಗೆಯೂ ಬೇಕಾಗಲ್ಲ. ಇನ್ನು ಡೋಲಿ ತಪ್ಪಿತು, ಅಲ್ಲಿ ಬಂದು ಕೂತ್ಕೊಳ್ಳಿ. ಕೈಗೆ ಏನು ತಿಳಿಯುತ್ತೋ ಅದನ್ನು ಹೇಳಿ, ಅಷ್ಟೇ ಕೆಲಸ."

ಎದ್ದುಹೋಗುತ್ತಿದ್ದ ಕೈಯಿಡುವವಳು ಅವಳ ಪಕ್ಕದಲ್ಲಿ ಒಂದು ಕ್ಷಣ ನಿಂತಳು.

"ಹೆದರಬೇಡ ತಂಗಿ. ಎಲ್ಲರೂ ಬೆಚ್ಚಗೇ ಇರ್ತಾರೆ."

ಕೌದಿಯವಳು ಮನಸ್ಸಿನಲ್ಲಿ ಒಂದು ನಿರ್ಧಾರ ಮಾಡಿಕೊಂಡೇ ಹೋಗಿ ಕೂತಳು: ಯಾರು ಬಂದರೂ ತಣ್ಣಗಿದೆ ಎನ್ನುವುದು. ಮೊದಲ ಕೈ ಪರದೆಯೊಳಗಿಂದ ಬಂತು. ಮುಟ್ಟಿದಳು. ಬೆಚ್ಚಗಿತ್ತು. ಆ ಕೈಯ ಚಳಿ ಎಲ್ಲಿಯವರೆಗೆ ಏರಿತ್ತೋ, ಅವಳ ಕೈಗೆ ಮಾತ್ರ ಆಗ ತಾನೇ ಒಲೆಯಿಂದ ಇಳಿಸಿದ ರೊಟ್ಟಿಯ ಹಾಗಿತ್ತು. ಆದರೂ ಹಲ್ಲು ಕಚ್ಚಿ ಹೇಳಿದಳು: "ತಣ್ಣಗಿದೆ."

"ಮಂಜೂರು!" ಎಂದ ಕಿಟಕಿಯವನು, ಹರ್ಷದಿಂದ. ಅವನು ಸಾಲಿನ ಕಡೆ ಬೆರಳು ತೋರಿಸಿದ. ಅಣ್ಣನನ್ನು ಹಿಡಿದುಕೊಂಡಿದ್ದ ಹುಡುಗಿಯನ್ನು ಎಬ್ಬಿಸಿದರು. ಅವಳ ತುಟಿ ಆಗಲೇ ನೀಲಿಯಾಗಿತ್ತು. ಡೋಲಿಗೆ ಹತ್ತುವ ಮುಂಚೆ ಹುಡುಗಿ ತಿರುಗಿ ಕೌದಿಯವಳನ್ನು ನೋಡಿದಳು. ಆ ಡೋಲಿ ಬರಿದಾಗಿ ಹಿಂತಿರುಗಿತು.

ಅಂದಿನಿಂದ ಕೌದಿಯವಳು ಕೈಗೆ ತಿಳಿದದ್ದನ್ನೇ ಹೇಳಿದಳು. ಬೆಚ್ಚಗಿದೆ. ಬೆಚ್ಚಗಿದೆ. ಬೆಚ್ಚಗಿದೆ. ಅದು ಸುಳ್ಳಾಗಿರಲಿಲ್ಲ. ಪರದೆಯ ಆಚೆ ಯಾರಾದರೂ ಬಿಕ್ಕಿದರೆ ಅವಳಿಗೆ ಕೇಳಿಸುತ್ತಿತ್ತು. ಆದರೆ ಕೇಳಿಸಿಕೊಳ್ಳುವುದು ಅವಳ ಕೆಲಸವಾಗಿರಲಿಲ್ಲ.

ಒಂದು ಮಧ್ಯಾಹ್ನ ಪರದೆಯೊಳಗಿಂದ ಒಂದು ಕೈ ಬಂತು. ಅವಳು ಅದನ್ನು ಮುಟ್ಟಿದಳು. ಆ ಕೈ ಸುಮ್ಮನಿರಲಿಲ್ಲ. ಅಭ್ಯಾಸಬಲದಿಂದ, ತಾನೇನು ಮಾಡುತ್ತಿದ್ದೇನೆಂದು ತನಗೇ ಗೊತ್ತಿಲ್ಲದೆ, ಅದು ಅವಳ ಬೆರಳ ಗೆಣ್ಣುಗಳನ್ನು ಒಟ್ಟುಗೂಡಿಸಿ, ಮೆಲ್ಲಗೆ ಒತ್ತಿ, ಅಳತೆ ನೋಡಿತು.

ಅವಳಿಗೆ ಗುರುತು ಸಿಕ್ಕಿತು.

ಒಂದೇ ಒಂದು ಮಾತು ಸಾಕಾಗಿತ್ತು. ಆ ಮಾತನ್ನು ಅವಳು ನಾಲಿಗೆಯ ತುದಿಗೆ ತಂದಳು. ಹಿಂದೆ ಸಾಲಿನಲ್ಲಿ ಯಾರ ಕಡೆ ಬೆರಳು ಹೋಗುತ್ತದೋ ಹೋಗಲಿ, ಈ ಒಂದು ಸಲ ಹೇಳಿಬಿಡುತ್ತೇನೆ ಎಂದುಕೊಂಡಳು. ಆದರೆ ಆ ಕೈ ಎಷ್ಟು ಬೆಚ್ಚಗಿತ್ತು! ಮಂಚವಿದ್ದಾಗಿನ ಮನೆಯ ಹಾಗೆ, ಒಳಬಾಗಿಲಿದ್ದಾಗಿನ ಮನೆಯ ಹಾಗೆ, ಹಳೆಯ ಕೌದಿಗಳನ್ನೆಲ್ಲ ಒಟ್ಟಿಗೆ ಹೊದ್ದ ಹಾಗೆ ಬೆಚ್ಚಗಿತ್ತು. ಬಿಟ್ಟರೆ ಹೋಗುತ್ತದೆ ಎಂದು ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವಳ ಬೆರಳಿಗೆ ಜೀವ ಹರಿದು ಬಂತು. ಅದು ಎಲ್ಲಿಂದ ಬರುತ್ತಿದೆ ಎಂದು ಅವಳಿಗೆ ಹೊಳೆಯಲಿಲ್ಲ.

"ಏನು ತಾಯಿ?" ಎಂದ ಕಿಟಕಿಯವನು. "ಸಾಲು ದೊಡ್ಡದಿದೆ."

ಎಷ್ಟು ದಿನದಿಂದ ಅವಳು ಬೇಡಿಕೊಂಡದ್ದು ಇದೊಂದನ್ನೇ, ಅವನ ಬಗ್ಗೆ ಈ ಒಂದು ಮಾತು ಹೇಳುವಂತಾಗಲಿ ಎಂದು.

"ಬೆಚ್ಚಗಿದೆ" ಎಂದಳು, ಚಳಿಗೆ ಒಡೆದು ತನ್ನದೇ ಎನಿಸದ ದನಿಯಲ್ಲಿ.

ಕೈ ಹಿಂದಕ್ಕೆ ಸರಿಯಿತು. ಪರದೆಯ ಆಚೆಯಿಂದ, ಸವೆದುಹೋದ ಆದರೆ ತಮಾಷೆ ಬಿಡದ ಒಂದು ದನಿ, ಜೊತೆಗೆ ಬಂದಿದ್ದ ಎದುರುಮನೆಯ ಮುದುಕಿಗೆ ಹೇಳುವುದು ಕೇಳಿತು:

"ಕೇಳಿಸ್ತಾ ಅಜ್ಜಿ? ನಾನು ಬೆಚ್ಚಗಿದ್ದೀನಂತೆ. ನಮ್ಮನೆಯವಳು ಕೇಳಿದ್ದರೆ ಎಷ್ಟು ಹಿಗ್ತಿದ್ಲೋ!"

ಆಗ ಅವಳಿಗೆ ತಾನು ಹೇಳಿದ್ದೇನೆಂದು ತಿಳಿಯಿತು. ಕೂಗಲು ಬಾಯಿ ತೆರೆದಳು. ಒಂದು ಮಾತಿನ ಮೇಲೆ ಇನ್ನೊಂದು ಮಾತು ಲೆಕ್ಕಕ್ಕಿರಲಿಲ್ಲ. ಕಿಟಕಿಯವನು ಆಗಲೇ ಸಂತೋಷದ ಸುದ್ದಿ ಎಂದು ಹೇಳಿ ಆಗಿತ್ತು. ಅವಳು ಮುಷ್ಟಿ ಬಿಗಿದು, ಅದರೊಳಗೆ ಉಳಿದಿದ್ದಷ್ಟು ಬಿಸಿಯನ್ನು ಹೋಗಗೊಡದೆ ಕೂತಳು.

ಸಂಜೆ ಹಿಂಗೋಡೆಯಲ್ಲಿ ಕೆಂಡಗಳು ಬೀಳತೊಡಗಿದವು. ಒಂದು ಬಿತ್ತು. ಇನ್ನೊಂದು ಬಿತ್ತು. ಅವಳು ಮುಷ್ಟಿಯನ್ನು ಎದೆಗೆ ಒತ್ತಿಕೊಂಡು ಕಿವಿಗೊಟ್ಟಳು. ಕೆಂಡಗಳು ಬೀಳುತ್ತಲೇ ಇದ್ದವು. ಬೀಳುವುದು ವಿರಳವಾಯಿತು. ನಿಂತಿತು. ಬೆಂಕಿ ಸದ್ದಿಲ್ಲದೆ ಉರಿಯಿತು.

ಬೆಳಿಗ್ಗೆ ಕಿಟಕಿಯವನು ಒಂದು ಬಟ್ಟಲಲ್ಲಿ ಸುಣ್ಣ ಕಲಸುತ್ತಿದ್ದ.

"ಯಾರ ಬಾಗಿಲಿಗೆ?" ಎಂದು ಕೇಳಿದಳು ಅವಳು.

"ಬಳೆಗಾರನ ಬಾಗಿಲಿಗೆ. ನಿನ್ನೆ ಅವನ ಮನೆಯ ಕೆಂಡ ಬರಲಿಲ್ಲ." ಅವನು ನಿಜವಾದ ಬೇಸರದಿಂದ ತಲೆಯಾಡಿಸಿದ. "ಚಳಿ ಇರೋರು ತಪ್ಪಿಸಿದರೆ ಅರ್ಥ ಮಾಡ್ಕೋಬಹುದು. ಬೆಚ್ಚಗಿರೋರೇ ಹೀಗೆ ಮಾಡಿದರೆ ಊರು ನಡೆಯೋದು ಹೇಗೆ?"

ಪರದೆಯೊಳಗಿಂದ ದಿನದ ಮೊದಲ ಕೈ ಬಂದು ಗಾಳಿಯಲ್ಲಿ ಕಾಯುತ್ತ ನಿಂತಿತು. ಚಿಕ್ಕ ಕೈ. ಅದನ್ನು ಮುಟ್ಟಬೇಕಾದರೆ ಅವಳು ಮುಷ್ಟಿ ಬಿಚ್ಚಬೇಕಾಗಿತ್ತು.

ಬಿಚ್ಚಿದಳು.